ಮುಳ್ಳು ಚುಚ್ಚಿದ ಕಾಲಿಗೆ

ಕವಳಿಹಣ್ಣಿನ ಆಸೆಗೆ ಕಣಕುಂಬಿಯ ಕಾಡಿಗೆ ನುಗ್ಗಿದರೆ ಮುಳ್ಳು ಬಿಟ್ಟೀತೇನವ್ವಾ? ಅಳಬೇಡ. ಮುಳ್ಳನ್ನಂತೂ ತೆಗೆದಾಯಿತು. ಆ ಜಾಗ ಕೆಂಪಾಗಿ, ಬಿಸಿಯಾಗಿ ಉಬ್ಬಿರುವುದು ನಿನ್ನ ಮೈ ಕೆಲಸಕ್ಕೆ ಇಳಿದಿದೆ ಅನ್ನುವುದಕ್ಕೆ ಗುರುತು.

ಮುಳ್ಳಿನ ಬೆನ್ನಿಗೇ ಮಣ್ಣಿನ ರೋಗಾಣುಗಳೂ ಒಳಗೆ ಹೊಕ್ಕಿರುತ್ತವೆ. ಅಲ್ಲಿನ ರಕ್ತನಾಳಗಳು ಹಿಗ್ಗುತ್ತವೆ. ರಕ್ತದ ಬಿಳಿಕಣಗಳು ನಾಳದ ಗೋಡೆಯ ಸಂದಿಯಿಂದ ತೂರಿ ಹೊರಬಂದು ರೋಗಾಣುಗಳನ್ನು ನುಂಗುತ್ತವೆ. ಈ ನುಂಗುವ ಗುಟ್ಟನ್ನು ಹಿಡಿದವನು ಇಲ್ಯಾ ಮೆಕ್ನಿಕಾಫ್. 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ ನಕ್ಷತ್ರಮೀನಿನ ಪಾರದರ್ಶಕ ಮರಿಗಳಿಗೆ ಗುಲಾಬಿ ಮುಳ್ಳು ಚುಚ್ಚಿಟ್ಟ. ಬೆಳಗಾಗೆದ್ದು ನೋಡಿದರೆ ಮುಳ್ಳಿನ ಸುತ್ತ ಕಣಗಳು ಮುತ್ತಿಕೊಂಡಿದ್ದವು! 1908ರಲ್ಲಿ ಅವನಿಗೆ ನೊಬೆಲ್ ಬಂತು. ನಕ್ಷತ್ರಮೀನಿನ ಮರಿಗೆ ಬಂದದ್ದು ಮುಳ್ಳು ಮಾತ್ರ, ಪಾಪ.

ಗಾಯದ ಕೀವಿನಲ್ಲಿ ಬಹುಪಾಲು ಹೀಗೆ ಕಾದಾಡಿ ಸತ್ತ ಬಿಳಿಕಣಗಳೇ ಇರುತ್ತವೆ. ಅದನ್ನು ಹಿಸುಕಬೇಡ, ರೋಗಾಣು ಇನ್ನೂ ಆಳಕ್ಕೆ ಸರಿದೀತು. ತೊಡೆಸಂದಿಯಲ್ಲಿ ಗಂಟು ಕೈಗೆ ಹತ್ತಿದರೆ ಗಾಬರಿಯಾಗಬೇಡ, ನನಗೆ ಹೇಳು. ಅಲ್ಲಿ ಬೇರೊಂದು ಬಗೆಯ ಬಿಳಿಕಣಗಳು ಈ ರೋಗಾಣುವಿಗೇ ತಕ್ಕ ಪ್ರತಿಕಾಯಗಳನ್ನು ತಯಾರಿಸುತ್ತವೆ. ಆ ಬಿಳಿಕಣಗಳಲ್ಲಿ ಕೆಲವು ವರ್ಷಗಟ್ಟಲೆ ಬದುಕಿದ್ದು, ಅದೇ ರೋಗಾಣು ಮತ್ತೆ ಬಂದರೆ ಗುರುತು ಹಿಡಿಯುತ್ತವೆ.

ರೋಗ ಬರುವ ಮೊದಲೇ ಆ ಗುರುತು ಹಿಡಿಸುವುದು ಲಸಿಕೆ. ಬೆಳಗಾವಿಯ ಟಿಳಕವಾಡಿಯಲ್ಲಿ ವ್ಯಾಕ್ಸಿನ್ ಡಿಪೋ ಮೈದಾನ ನೋಡಿದ್ದೀಯಲ್ಲ? ಬ್ರಿಟಿಷರ ಕಾಲದಲ್ಲಿ ಅಲ್ಲಿ ಕರುಗಳ ಮೈಯಿಂದ ಸಿಡುಬಿನ ಲಸಿಕೆ ತೆಗೆಯುತ್ತಿದ್ದರು. 1980ರಲ್ಲಿ ಸಿಡುಬು ಜಗತ್ತಿನಿಂದಲೇ ತೊಲಗಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ನನ್ನ ತೋಳಿನ ಈ ಕಲೆ ಆ ಲಸಿಕೆಯದೇ.

ಧನುರ್ವಾಯು ಮಾತ್ರ ಮಹಾ ಕಿಲಾಡಿ. ಅದರ ರೋಗಾಣು ಮಣ್ಣಲ್ಲಿ, ಸಗಣಿಯಲ್ಲಿ ಇರುತ್ತದೆ. ಮುಳ್ಳು ಚುಚ್ಚಿದಂಥ, ಗಾಳಿಯಾಡದ ತೂತೇ ಅದಕ್ಕೆ ಬೇಕು. ಅದರ ವಿಷ ಎಷ್ಟು ಜೋರೆಂದರೆ, ರೋಗ ತರುವಷ್ಟು ವಿಷವೂ ಬಿಳಿಕಣಗಳಿಗೆ ಗುರುತು ಹಿಡಿಸಲು ಸಾಲದು! ರೋಗ ಬಂದು ವಾಸಿಯಾದವರೂ ಲಸಿಕೆ ಹಾಕಿಸಿಕೊಳ್ಳಲೇಬೇಕು. 10 ಮತ್ತು 16ನೇ ವಯಸ್ಸಿಗೆ ಸೂಜಿ ಮಾಡಲು ಬಂದಾಗ ಹಿತ್ತಿಲ ಬಾಗಿಲಿಂದ ಓಡಬೇಡ.

ಈಗ ಏಳು, ಕಾಲಿಗೆ ಸಾಬೂನು ಹಚ್ಚಿ ತೊಳೆ. ಮಲಪ್ರಭೆ ಹುಟ್ಟುವ ಊರಿನವಳು ನೀನು, ನೀರಿಗೆ ಜಿಪುಣತನ ಬೇಡ. ಸುಣ್ಣವೋ ಸಗಣಿಯೋ ಮೆತ್ತಲು ಯಾರಾದರೂ ಬಂದರೆ ಬೇಡವೆನ್ನು. ನಿನ್ನ ಲಸಿಕೆ ಕಾರ್ಡನ್ನೂ ಹುಡುಕಿಡು. ಕೊನೆಯ ಸೂಜಿ ಯಾವಾಗ ಆಗಿದೆಯೆಂದು ನೋಡಿ, ಸಂಜೆಯೊಳಗೆ ದವಾಖಾನೆಗೆ ಹೋಗಿ ಬರೋಣ.