ಇಂಚಿಗಿಂತ ಮೊದಲು ಓಮ್ ನೋಡಿ

ಕಡೇಚೂರಿನ ಗೆಳೆಯರೇ,

ಜಾತ್ರೆ, ಮದುವೆಗಳ ರಸಮಂಜರಿಯಲ್ಲಿ ಬೇಸ್ ಗಿಟಾರ್ ನುಡಿಸಲು 15 ಇಂಚಿನ ಸ್ಪೀಕರ್ ಒಳ್ಳೆಯದೋ, 10 ಇಂಚಿನವೋ ಎಂದು ಕೇಳಿದ್ದೀರಿ. ಮೊದಲು ಆಂಪ್‌ನ ಹಿಂಬದಿ ನೋಡಿ. 'ಕನಿಷ್ಠ 4 ಓಮ್' ಎಂದಿದ್ದರೆ 8 ಓಮಿನ ಎರಡು ಬಾಕ್ಸ್‌ಗಳೇ ಮಿತಿ. ಪ್ಯಾರಲಲ್ ಜೋಡಿಸಿದಾಗ ಅವು 4 ಓಮ್ ಆಗುತ್ತವೆ. ಮೂರನೆಯದು ಸೇರಿದರೆ 2.7ಕ್ಕೆ ಇಳಿದು ಆಂಪ್ ಸುಟ್ಟೀತು.

10 ಇಂಚಿನ ಎರಡು ಸ್ಪೀಕರ್‌ಗಳ, 8 ಓಮಿನ ಒಂದು ಬಾಕ್ಸ್ ಈಗ ಕೊಳ್ಳಿ. ಅಂಥದ್ದೇ ಇನ್ನೊಂದು ಮುಂದೆ. ಒಂದರ ಮೇಲೊಂದು ನಿಲ್ಲಿಸಿದರೆ ಮೇಲಿನದು ಕಿವಿಗೆ ಹತ್ತಿರ. ಟಂಟಂನಲ್ಲಿ ಸಾಗಿಸಲೂ ಸಲೀಸು.

ಬಯಲಲ್ಲಿ ಗೋಡೆಗಳ ಆಸರೆಯಿಲ್ಲ, ಬೇಸ್ ಚದುರುತ್ತದೆ. ದಪ್ಪ ತಂತಿಯ 41 ಹರ್ಟ್ಸ್ ದನಿಯನ್ನು ಜನರಿಗೆ ಮುಟ್ಟಿಸುವುದನ್ನು ಮೈಕ್‌ಸೆಟ್ಟಿನವರ ಸಬ್‌ವೂಫರ್‌ಗೆ ಬಿಡಿ. ಗಿಟಾರ್ ವೈರನ್ನು ಸ್ಪೀಕರಿಗೆ ಎಂದೂ ಚುಚ್ಚಬೇಡಿ. ಅದಕ್ಕೆ ಸ್ಪೀಕರ್ ಕೇಬಲ್ಲೇ ಬೇಕು.