ಬೇಗ ಬಂದ ‘ನೆಗೆಟಿವ್’ ನಂಬಿ ಕೂರಬೇಡಿ

ಎಚ್‌ಐವಿ ಅಂಟಿತೇನೋ ಎಂಬ ಭಯ ಹುಟ್ಟಿದ ವಾರದೊಳಗೇ ಓಡಿಹೋಗಿ ರಕ್ತ ಕೊಟ್ಟು, ‘ನೆಗೆಟಿವ್’ ಎಂಬ ಚೀಟಿ ಕೈಗೆ ಬಂದೊಡನೆ ನಿರಾಳವಾಗಿಬಿಡುವವರು ಬಹಳ. ಎಡವುವುದು ಅಲ್ಲೇ. ಸಾಮಾನ್ಯ ಪರೀಕ್ಷೆ ಹುಡುಕುವುದು ವೈರಾಣುವನ್ನಲ್ಲ, ಅದರ ವಿರುದ್ಧ ನಮ್ಮ ದೇಹ ತಯಾರಿಸುವ ಪ್ರತಿಕಾಯಗಳನ್ನು. ಅವು ಪರೀಕ್ಷೆಗೆ ಸಿಗುವಷ್ಟಾಗಲು ಕೆಲವು ವಾರ ಬೇಕು, ಕೆಲವರಲ್ಲಿ 3 ತಿಂಗಳೂ ಹಿಡಿಯುತ್ತದೆ. ಈ ನಡುವೆ ಚೀಟಿ ಏನೇ ಹೇಳಲಿ, ಸೋಂಕಿದ್ದರೆ ಅದು ಇನ್ನೊಬ್ಬರಿಗೆ ದಾಟಬಲ್ಲದು. ಅಷ್ಟೇ ಅಲ್ಲ, ಮೊದಲ ವಾರಗಳಲ್ಲೇ ರಕ್ತದಲ್ಲಿ ವೈರಾಣು ವಿಪರೀತ ಹೆಚ್ಚಿರುತ್ತದೆ.

ಹಾಗಂತ ಸುಮ್ಮನೆ ದಿನ ಎಣಿಸಬೇಡಿ. ಪರೀಕ್ಷೆ ಈಗಲೇ ಮಾಡಿಸಿ, 3 ತಿಂಗಳು ತುಂಬಿದ ಮೇಲೆ ಮತ್ತೊಮ್ಮೆ ಮಾಡಿಸಿ. ಅಲ್ಲಿಯವರೆಗೆ ಕಾಂಡೋಮ್ ಬಿಡಬೇಡಿ. ಅಪಾಯ ನಡೆದು 72 ಗಂಟೆ ದಾಟಿಲ್ಲವೇ? ಈ ಓದನ್ನು ಪಕ್ಕಕ್ಕಿಟ್ಟು ಆಸ್ಪತ್ರೆಗೆ ಹೊರಡಿ. ಸೋಂಕು ತಡೆಯಲು 28 ದಿನ ನುಂಗುವ ಮಾತ್ರೆಗಳಿವೆ, ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು.

ಪುಕ್ಕಟೆ ಪರೀಕ್ಷೆಯಾದೀತೆಂದು ರಕ್ತದಾನ ಶಿಬಿರಕ್ಕೆ ಹೋಗುವ ಬುದ್ಧಿ ಮಾತ್ರ ಖಂಡಿತ ಬೇಡಪ್ಪಾ. ಆ ರಕ್ತ ಯಾವ ಬಾಣಂತಿಗೆ ಏರುತ್ತದೋ! ಸರ್ಕಾರಿ ಆಸ್ಪತ್ರೆಯ ಐಸಿಟಿಸಿಯಲ್ಲಿ, ಅಂದರೆ ಎಚ್‌ಐವಿ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರದಲ್ಲಿ, ಪರೀಕ್ಷೆ ಉಚಿತ. ರಕ್ತ ತೆಗೆಯುವ ಮೊದಲು ಆಪ್ತಸಮಾಲೋಚಕರು ಕೂರಿಸಿಕೊಂಡು ಮಾತಾಡಿಸುತ್ತಾರೆ. ನಾಚದೆ ಅಪಾಯ ನಡೆದ ದಿನ ಯಾವುದೆಂದು ಸರಿಯಾಗಿ ಹೇಳಿ, ಮುಂದಿನ ಲೆಕ್ಕವೆಲ್ಲ ಅದರ ಮೇಲೇ ನಿಂತಿದೆ. ಗುಟ್ಟು ಕಾಯುವುದು 2017ರ ಎಚ್‌ಐವಿ-ಏಡ್ಸ್ ಕಾಯ್ದೆ ಅವರ ಮೇಲೆ ಹೊರಿಸಿದ ಹೊಣೆ. ಒಂದು ಪರೀಕ್ಷೆಯಲ್ಲಿ ‘ಪಾಸಿಟಿವ್’ ಕಂಡರೂ ಬೇರೆ ಕಿಟ್‌ಗಳಲ್ಲಿ ಖಚಿತಪಡಿಸಿಕೊಂಡೇ ಹೇಳುತ್ತಾರೆ. ಖಚಿತವಾದರೆ ವೈರಾಣುವನ್ನು ಹತ್ತಿಕ್ಕುವ ಎಆರ್‌ಟಿ ಮಾತ್ರೆಗಳೂ ಉಚಿತವೇ. ಹೋಗಲು ಹಿಂಜರಿಕೆಯಿದ್ದರೆ ಮೊದಲು ಎಚ್‌ಐವಿ ಸಹಾಯವಾಣಿ 1097ಕ್ಕೆ ಕರೆ ಮಾಡಿ ಕೇಳಿ.