ಬಿಟ್ಟ ಎಲೆಗಳ ಲೆಕ್ಕ

ನಾನು ಬನಹಟ್ಟಿಯವನು. ಮನೆಯಲ್ಲಿ ನಾಲ್ಕು ಪವರ್‌ಲೂಮ್ ಇವೆ. ರಾತ್ರಿ ಪಾಳಿಯ ಮಗ್ಗದ ಸದ್ದಿನಲ್ಲೇ ಮೊಬೈಲಿನಲ್ಲಿ ಪೋಕರ್ ಟೂರ್ನಿ ಆಡಲು ಶುರು ಮಾಡಿದ್ದು 2022ರ ಬೇಸಿಗೆಯಲ್ಲಿ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳಿಗೆ ರಾಜ್ಯ ಸರ್ಕಾರ ಹೇರಿದ್ದ ನಿಷೇಧವನ್ನು ಆ ವರ್ಷ ಫೆಬ್ರುವರಿ 14ರಂದು ಹೈಕೋರ್ಟ್ ರದ್ದು ಮಾಡಿತ್ತು. ಕೌಶಲದ ಆಟ ಜೂಜಲ್ಲ ಎಂಬ ಮಾತು ಎಲ್ಲರ ಬಾಯಲ್ಲಿತ್ತು. ಪಂಚಮಿ ಬಂದರೆ ಕಟ್ಟೆಯ ಮೇಲೆ ಇಸ್ಪೀಟ್ ಹಿಡಿದು ಬೆಳೆದವನು ನಾನು. ನನಗೂ ಆ ಕೌಶಲ ಇದೆ ಎಂದುಕೊಂಡೆ.

ಮೂರನೇ ವಾರವೇ 6,200 ರೂಪಾಯಿ ಬಂತು. ಆ ಗೆಲುವಿನಿಂದ ಆದಷ್ಟು ಹಾನಿ ನನಗೆ ಬೇರೆ ಯಾವ ಸೋಲಿನಿಂದಲೂ ಆಗಲಿಲ್ಲ. ಮುಂದೆ ಒಂದು ವರ್ಷ, ಸೋತಾಗಲೆಲ್ಲ ಎಲೆ ಕೈಕೊಟ್ಟವು, ಗೆದ್ದಾಗ ನನ್ನ ಬುದ್ಧಿ ಎಂದೇ ನಂಬಿದೆ.

ಅಪ್ಪ ಪ್ರತಿ ಬೀಮಿಗೂ ಲೆಕ್ಕ ಬರೆಯುತ್ತಾನೆ: ಎಷ್ಟು ನೂಲು ಹೋಯಿತು, ಎಷ್ಟು ಸೀರೆ ಇಳಿದವು. ಒಂದು ದಿನ ಅದೇ ವಹಿಯನ್ನು ತಿರುವಿ ಹಿಂದಿನ ಹಾಳೆಯಿಂದ ನನ್ನ ಲೆಕ್ಕ ಬರೆದೆ. 110 ರೂಪಾಯಿಯ ಟೂರ್ನಿ, ಅದರಲ್ಲಿ 100 ಬಹುಮಾನದ ಗಂಟಿಗೆ, 10 ಕಂಪನಿಗೆ. ಆಡಿದ್ದು 212. ಬಹುಮಾನ ಮುಟ್ಟಿದ್ದು 27 ಸಲ. ಕಟ್ಟಿದ್ದು 23,320, ಬಂದದ್ದು 13,900. ಮಗ್ಗ ಹೀಗೆ ನಡೆದಿದ್ದರೆ ಅಪ್ಪ ಎಂದೋ ನಿಲ್ಲಿಸಿರುತ್ತಿದ್ದ.

ಮುಧೋಳದ ಕಾಲೇಜಿನಲ್ಲಿ ಗಣಿತ ಕಲಿಸುವ ಗೆಳೆಯನ ಮುಂದೆ ಆ ವಹಿ ಇಟ್ಟೆ. ನಾನು ಹೊರಬಿದ್ದ ಕೈಗಳನ್ನು ಅವನು ಒಂದೊಂದಾಗಿ ನೋಡಿದ. ಎಕ್ಕಾ-ನಾಲ್ಕು. ಎಕ್ಕಾ-ಆರು. ಮತ್ತೆ ಎಕ್ಕಾ-ನಾಲ್ಕು.

‘ಎಕ್ಕಾ ಕಂಡ್ರ ಬಿಡಂಗಿಲ್ಲಲ್ಲೋ ನೀ’ ಅಂದ. ‘ಎದುರಿನವ ಎಕ್ಕಾ-ರಾಜಾ ಹಿಡದು ಕುಂತಿದ್ರ ನೀ ಗೆಲ್ಲೋದು ನಾಕರಾಗ ಒಂದ್ ಸಲ. ಅವ ಯಾವ ಯಾವ ಎಲಿ ಇದ್ರ ಇಷ್ಟು ಏರಸ್ತಾನ, ಅದನ್ನ ಎಂದರ ಎಣಿಸೀ ಏನು?’

ಎಣಿಸಿರಲಿಲ್ಲ. ನಾನು ನೋಡುತ್ತಿದ್ದದ್ದು ನನ್ನ ಎರಡು ಎಲೆ ಮಾತ್ರ. ಪಳಗಿದವನು ತಾನು ಎಷ್ಟನೆಯವನಾಗಿ ಆಡಬೇಕು, ಹಿಂದೆ ಇನ್ನೂ ಎಷ್ಟು ಜನ ಬಾಕಿ, ಕಡ್ಡಾಯ ಪಣ ಏರುತ್ತ ಹೋದಂತೆ ತನ್ನ ಚಿಪ್ಪು ಇನ್ನೆಷ್ಟು ಸುತ್ತು ಬಾಳೀತು ಎಂದು ಮೊದಲು ನೋಡುತ್ತಾನೆ. ಬಹುಪಾಲು ಕೈಗಳನ್ನು ಆಡದೆ ಬಿಡುತ್ತಾನೆ. ಹೊಸಬನಿಗೆ ಸುಮ್ಮನೆ ಕೂರುವುದು ಆಗದು. ಇಬ್ಬರ ನಡುವಿನ ಈ ಅಂತರ ಒಂದು ರಾತ್ರಿಯಲ್ಲಿ ಕಾಣುವುದಿಲ್ಲ. ಜೋಡಿ ಎಕ್ಕಾ ಕೂಡ ಜೋಡಿ ರಾಜನೆದುರು ಐದರಲ್ಲಿ ಸುಮಾರು ಒಂದು ಸಲ ಸೋಲುತ್ತದೆ. ಆ ಒಂದು ಸಲದ ಗೆಲುವೇ ಹೊಸಬನನ್ನು ಮರುದಿನ ಮತ್ತೆ ಕರೆಯುತ್ತದೆ.

ಗೆಳೆಯ ನಳನ ಕಥೆ ನೆನಪಿಸಿದ. ಪುಷ್ಕರನಿಗೆ ರಾಜ್ಯ ಸೋತ ನಳ ಅದನ್ನು ಮರಳಿ ಗೆದ್ದದ್ದು ಋತುಪರ್ಣನಿಂದ ಅಕ್ಷಹೃದಯ ಕಲಿತ ಮೇಲೆ. ಆ ಋತುಪರ್ಣ ಮರದ ಎಲೆ, ಕಾಯಿ ಎಷ್ಟೆಂದು ರಥದಲ್ಲಿ ಕುಳಿತೇ ಎಣಿಸಿ ಹೇಳಬಲ್ಲವನು. ವನವಾಸದಲ್ಲಿ ಬೃಹದಶ್ವ ಮುನಿ ಧರ್ಮರಾಯನಿಗೆ ಈ ಕಥೆ ಹೇಳಿ, ಪಗಡೆಯ ವಿದ್ಯೆಯನ್ನೂ ಕಲಿಸಿದ. ಎಲ್ಲ ಕಳೆದುಕೊಂಡ ಮೇಲೆ.

ಎಂಟು ತಿಂಗಳು ಎಣಿಸುವುದನ್ನು ಕಲಿತೆ. ವಹಿಯ ಲೆಕ್ಕ ನಿಧಾನವಾಗಿ ಲಾಭದ ಕಡೆಗೆ ತಿರುಗಿತು. ಹೆಮ್ಮೆಯೂ ಆಯಿತು.

2024ರ ಪಂಚಮಿಗೆ ಬೀಳಗಿಯಿಂದ ಅಕ್ಕ ಮಗನನ್ನು ಕರೆದುಕೊಂಡು ಬಂದಳು. ಹುಡುಗ ಜಮಖಂಡಿಯಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದ. ಎಳ್ಳುಂಡಿ ತಿನ್ನುತ್ತ ನನ್ನ ಪಕ್ಕ ಕುಳಿತು ದನಿ ತಗ್ಗಿಸಿದ. ‘ಮಾಮಾ, ಎಕ್ಕಾ ಬಂದಿತ್ತು, ಹೆಂಗ ಬಿಡ್ಲಿ? ಎಲ್ಲಾ ಹಚ್ಚಿದೆ. ಈ ಮಗ ನನ್ನ ಹೊರಗ ಹಾಕಿದ ನೋಡ್ರಿ.’ ಮೊಬೈಲ್ ನನ್ನತ್ತ ತಿರುಗಿಸಿದ. ಪರದೆಯ ಮೇಲಿದ್ದ ಹೆಸರು ‘ಲಾಳಿ’. ಅದು ನಾನು ಆಟಕ್ಕೆ ಇಟ್ಟುಕೊಂಡಿದ್ದ ಹೆಸರು.

ಅವನು ಕಟ್ಟಿದ್ದು ಮೆಸ್ಸಿಗೆಂದು ಅಕ್ಕ ಕೊಟ್ಟ ರೊಕ್ಕ.

ಆ ‘ಲಾಳಿ’ ನಾನೇ ಎಂದು ಹೇಳಿದೆ. ಹುಡುಗ ಬಹಳ ಹೊತ್ತು ಮಾತಾಡಲಿಲ್ಲ. ಅಂದು ರಾತ್ರಿ ಮಗ್ಗದ ಮುಂದೆ ನಿಂತಾಗ ಹೊಳೆದದ್ದು ಇಂದಿಗೂ ನನ್ನನ್ನು ಬಿಟ್ಟಿಲ್ಲ. ಮಗ್ಗ ನಡೆದರೆ ಸೀರೆ ಇಳಿಯುತ್ತದೆ. ಪೋಕರಿನಲ್ಲಿ ಏನೂ ಇಳಿಯುವುದಿಲ್ಲ. ಕಂಪನಿ ತನ್ನ ಹತ್ತು ತೆಗೆದ ಮೇಲೆ ಒಬ್ಬನ ಜೇಬಿನದು ಇನ್ನೊಬ್ಬನ ಜೇಬಿಗೆ ಹೋಗುತ್ತದೆ. ಇದು ಕೌಶಲದ ಆಟ ಎಂದು ಈಗಲೂ ಒಪ್ಪುತ್ತೇನೆ. ಆದರೆ ಕೌಶಲ ಎಷ್ಟು ದೊಡ್ಡದೋ ಹೊಸಬನ ಸೋಲು ಅಷ್ಟು ಖಚಿತ, ಮತ್ತು ಅದನ್ನು ಅವನಿಗೆ ಟೂರ್ನಿಯ ಬಾಗಿಲಲ್ಲಿ ಯಾರೂ ಹೇಳುವುದಿಲ್ಲ. ನಾನು ಅಂದೇ ಬಿಟ್ಟೆ. ಮುಂದಿನ ವರ್ಷ ಆಗಸ್ಟ್ 22ರಂದು ಕೇಂದ್ರದ ಕಾಯ್ದೆಗೆ ರಾಷ್ಟ್ರಪತಿ ಅಂಕಿತ ಬಿತ್ತು, ಹಣದ ಆಟಗಳು ನಿಂತವು.

ಆ ದೀಪಾವಳಿಗೆ ಹುಡುಗ ಮತ್ತೆ ಬಂದ. ಆಟ ಕಲಿಸೆಂದು ಅವನೇ ಕೇಳಿದ. ಹುಣಸೆ ಬೀಜಗಳನ್ನು ಸಮ ಪಾಲು ಮಾಡಿ ಎಲೆ ಹಂಚಿದೆ. ನಾಲ್ಕನೇ ಕೈಗೆ ನಾನು ಬೀಜ ಏರಿಸಿದೆ. ಅವನು ತನ್ನ ಎಲೆ ನೋಡಿದ, ನನ್ನ ಗುಂಪು ನೋಡಿದ, ತನ್ನ ಬೀಜ ಎಣಿಸಿದ.

‘ಎಕ್ಕಾ-ನಾಕು, ಮಾಮಾ. ಪ್ಯಾಕ್.’

ನನ್ನ ಕೈಯಲ್ಲಿದ್ದದ್ದು ಏಳು-ಎರಡು. ತೋರಿಸದೆ ಕಟ್ಟಿನೊಳಗೆ ಸೇರಿಸಿದೆ.